ಮುಗಿದ ಮೇಲಿನ ಕಂತುಗಳು

ಸ್ವಂತ ಮಗಳು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಬಯಸುವ ತಾಯಿ ಈ ಸೀಮೆಯಲ್ಲಿ ತಾನೊಬ್ಬಳೇ ಇರಬೇಕು ಎಂದು ಪಾತಮ್ಮನಿಗೆ ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು. ಹಾಗೆಂದು ಯಾರಿಗೂ ಏನೂ ಆಗಬಾರದು. ಚಳ್ಳಕೆರೆ ಬಿಟ್ಟ ಮೇಲೆ ಎಲ್ಲಾದರೂ ನೆರಳಿರುವ ಕಡೆ, ಟೀ ಅಂಗಡಿಯ ಮುಂದೆಯೇ, ಟಯರು ಪಂಕ್ಚರಾಗಿ, ಗಂಗಲಕ್ಷ್ಮಿ ಒಂದು ಟೀ ಕುಡಿದು, ಬೇಜಾರಾಗಿ, ಎದುರಿನ ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟರೆ ಸಾಕು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡು ಸಲ ನಾಲಿಗೆಗೆ ಹಚ್ಚಿ ನೋಡಿದಳು. ಎರಡು ಸಲವೂ ಗೊತ್ತಾಗಲಿಲ್ಲ. ಎದುರು ಗೋಡೆಯ ಮೇಲೆ ಹೊಸ ಟೀವಿ ಕಪ್ಪಗೆ ನೇತುಬಿದ್ದಿತ್ತು. ಹೋದ ವಾರ ಗೂಡ್ಸ್ ಆಟೋದಲ್ಲಿ ಬಂದದ್ದು. ಅದರೊಳಗೆ ಇವತ್ತು ಮಗಳು ಒಂದು ಆ್ಯಪು ಹಾಕಿಕೊಡುತ್ತಾಳಂತೆ. ಹಾಕಿದರೆ ಯಾವ ಧಾರಾವಾಹಿ ಬೇಕಾದರೂ ಮೊದಲ ದಿನದಿಂದ ಕೊನೆಯ ದಿನದವರೆಗೆ, ನಮಗೆ ಬೇಕಾದ ಹೊತ್ತಿಗೆ, ಬರುತ್ತದಂತೆ. ಕೊನೆಯ ದಿನ ಎನ್ನುವ ಮಾತು ನಿನ್ನೆಯಿಂದ ಅವಳನ್ನು ಬಿಟ್ಟಿರಲಿಲ್ಲ. ನಾಲ್ಕು ಗಂಟೆಗೆ ದೊಡ್ಡಪಾಲಯ್ಯ ಬರುತ್ತಾನೆ, ಗಂಡನ ಕುರಿ ವಲಸೆಯ ಜೊತೆಗಾರರು ಇನ್ನೂ ನಾಲ್ವರು ಬರುತ್ತಾರೆ, ಧಾರಾವಾಹಿಯ ಮಂದಾರಳ ಕಥೆಯನ್ನು ಕಣ್ಣಾರೆ ನೋಡುವುದಕ್ಕೆ. ಮಂದಾರಳ ಕಥೆ ಮುಗಿದು ಎರಡು ವರ್ಷವಾಗಿತ್ತು. ಅದು ಪಾತಮ್ಮನಿಗೆ ಗೊತ್ತಿತ್ತು, ಅವಳ ಗಂಡನಿಗೂ ಆ ಐವರಿಗೂ ಗೊತ್ತಿರಲಿಲ್ಲ.

ಶುರುವಿನಲ್ಲಿ ಅದು ನಿಜವಾದ ಕಥೆಯೇ ಆಗಿತ್ತು. ಸಂಕ್ರಾಂತಿ ಕಳೆಯುತ್ತಿದ್ದಂತೆ ಅವಳ ಗಂಡ ಉಗ್ರಪ್ಪನೂ ಬೇರೆ ಬೇರೆ ಹಟ್ಟಿಯ ಈ ಐದು ಜನರೂ ಕುರಿಗಳನ್ನು ಕೂಡಿಸಿಕೊಂಡು, ರಾಂಪುರದ ಮೇಲೆ ಬಳ್ಳಾರಿ ದಾಟಿ, ಸಿರುಗುಪ್ಪದ ಕಡೆಗೆ ನಡೆದುಬಿಡುತ್ತಾರೆ. ಅಲ್ಲಿ ಕಾಲುವೆ ನೀರಿನ ಗದ್ದೆಗಳು. ಕೊಯ್ಲಾದ ಗದ್ದೆಯಲ್ಲಿ ಮಂದೆ ತರುಬಿದರೆ ಗೊಬ್ಬರ ರೈತನಿಗೆ, ಮೇವು ಕುರಿಗೆ. ಮುಂಗಾರು ಬಿದ್ದ ಮೇಲೇ ವಾಪಸು. ಆ ಐದು ತಿಂಗಳು ಗಂಡ ಎಂದರೆ ರಾತ್ರಿ ಎಂಟಕ್ಕೆ ಬರುವ ಒಂದು ಫೋನು. ಉಂಡೆಯಾ, ಉಂಡೆ. ಕುರಿ ಹೆಂಗದಾವೆ, ಚೆನ್ನಾಗದಾವೆ. ಮಳೆ ಬಂತಾ, ಇಲ್ಲ. ಇಡ್ಲಾ, ಇಡು. ಒಂದು ನಿಮಿಷವೂ ಆಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಬಾಳ್ವೆ ಮಾಡಿದವರ ಹತ್ತಿರ ಒಂದು ನಿಮಿಷ ತುಂಬುವಷ್ಟೂ ಮಾತಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು, ಯಾರೋ ಕದ್ದು ಕೇಳಿಸಿಕೊಂಡು ನಗುತ್ತಿದ್ದಾರೇನೋ ಎಂಬಂತೆ. ಒಂದು ದಿನ ಏನೂ ತೋಚದೆ, ಅಂಗನವಾಡಿ ಟೀಚರ್ ಶಾರದಮ್ಮನ ಮನೆಯಲ್ಲಿ ಆಗಷ್ಟೇ ನೋಡಿ ಬಂದಿದ್ದ ಧಾರಾವಾಹಿಯಲ್ಲಿ ಮಂದಾರ ಎನ್ನುವ ಹುಡುಗಿಗೆ ಅತ್ತೆ ಹೇಗೆ ಹಳಸಿದ ಅನ್ನ ಇಕ್ಕಿದಳು ಎಂದು ಹೇಳಿದಳು. ಆ ಕಡೆಯಿಂದ ಇಡ್ಲಾ ಬರಲಿಲ್ಲ. ಫೋನು ಕಟ್ಟಾಯಿತೇನೋ ಎಂದುಕೊಂಡಳು. ಆಮೇಲೆ ಉಗ್ರಪ್ಪ ಕೇಳಿದ, ಉಂಡಳಾ ಆ ಹುಡುಗಿ? ಅವತ್ತಿನಿಂದ ಫೋನು ಇಪ್ಪತ್ತು ನಿಮಿಷಕ್ಕೆ ಏರಿತು.

ಶಾರದಮ್ಮ ಟೀಚರ್ ಕೆಟ್ಟವಳಲ್ಲ. ಆದರೆ ಅವಳ ಮನೆಯ ಹೊಸ್ತಿಲ ಪಕ್ಕದಲ್ಲೇ ಪಾತಮ್ಮನ ಜಾಗ ಎಂದು ಯಾರೂ ಹೇಳದೆಯೇ ಗೊತ್ತಾಗಿತ್ತು. ಜಾಹೀರಾತು ಬಂದಾಗ ಚಾನೆಲ್ಲು ಬದಲಾಗುತ್ತಿತ್ತು; ವಾಪಸು ತಿರುಗಿಸುವ ಹೊತ್ತಿಗೆ ಮಂದಾರ ಅಳುವುದನ್ನು ಅರ್ಧ ಮುಗಿಸಿರುತ್ತಿದ್ದಳು. ಯಾಕೆ ಅತ್ತಳು ಎನ್ನುವುದನ್ನು ಮನೆಗೆ ನಡೆಯುವ ದಾರಿಯಲ್ಲಿ ಪಾತಮ್ಮನೇ ಹೊಂದಿಸಿಕೊಳ್ಳಬೇಕಾಗಿತ್ತು. ಆ ಹೊಂದಿಸುವುದರಲ್ಲಿ ಒಂದು ರುಚಿಯಿದೆ ಎಂದು ಅವಳಿಗೆ ಆಗಲೇ ಗೊತ್ತಾಗಿದ್ದು. ಹೀಗಿರುವಾಗ ಒಂದು ಶುಕ್ರವಾರ ಧಾರಾವಾಹಿಯವರೆಲ್ಲ ಸಾಲಾಗಿ ನಿಂತು ನಕ್ಕು ಕೈಮುಗಿದರು. ಎರಡೇ ದಿನದಲ್ಲಿ ಅತ್ತೆ ಒಳ್ಳೆಯವಳಾಗಿದ್ದಳು. ನಾನೂರ ಮೂವತ್ತೆಂಟು ದಿನದ ಕಥೆಯಲ್ಲಿ ಉದ್ದಕ್ಕೂ ಅಳಿಸಿ ಕೊನೆಯ ಎರಡು ದಿನದಲ್ಲಿ ಒಳ್ಳೆಯವಳಾಗುವುದು ಯಾವ ನ್ಯಾಯ? ಟೀಚರ್ ಟೀವಿ ಆರಿಸಿ, ಇನ್ನು ಸೋಮವಾರದಿಂದ ಬರೋದು ಬೇಕಿಲ್ಲ ಪಾತಮ್ಮ, ಮುಗೀತಲ್ಲ, ಎಂದಳು. ಸುಮ್ಮನೆ ಹೇಳಿದ ಮಾತು. ಆದರೂ ಹೊಸ್ತಿಲಿನಿಂದ ಏಳುವಾಗ ಪಾತಮ್ಮನ ಮುಖಕ್ಕೆ ರಕ್ತ ಏರಿತು. ಎಂಟು ಗಂಟೆಗೆ ಫೋನು ಬಂತು. ಅವತ್ತು ಸಿರುಗುಪ್ಪದ ಹತ್ತಿರ ಲಾರಿಯೊಂದು ಮಂದೆಗೆ ನುಗ್ಗಿ ನಾಲ್ಕು ಕುರಿ ಸತ್ತಿದ್ದವು. ಉಗ್ರಪ್ಪ ಅದನ್ನು ನಾಲ್ಕು ಮಾತಿನಲ್ಲಿ ಹೇಳಿ, ಇರ್ಲಿ, ಮಂದಾರಂದೇನಾತು, ಎಂದ. ಮುಗೀತು ಎಂದು ಹೇಳುವುದಕ್ಕೆ ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಅತ್ತೆ ಒಳ್ಳೇಳಾದ್ಳು ಅಂತ ಎಲ್ರೂ ಅಂದ್ಕೊಂಡವ್ರೆ, ನಂಗ್ಯಾಕೋ ನಂಬ್ಕೆ ಇಲ್ಲ, ಎಂದಳು. ಅಷ್ಟೇ. ಮುಂದಿನದೆಲ್ಲ ಆ ಒಂದು ಮಾತಿನಿಂದ ಎಳೆ ಎಳೆಯಾಗಿ ಬಂತು.

ಎರಡು ವಲಸೆ ಅವಳೇ ನಡೆಸಿದಳು. ಮಂದಾರ ಆ ಮನೆ ಬಿಟ್ಟಳು. ಚಳ್ಳಕೆರೆಯಂಥದೇ ಒಂದು ಊರಿಗೆ ಬಂದಳು, ಹೊಲಿಗೆ ಕಲಿತಳು, ರವಿಕೆ ಹೊಲಿಯುವ ಅಂಗಡಿ ಇಟ್ಟಳು. ಗಂಡ ಹುಡುಕಿಕೊಂಡು ಬಂದರೆ ಮೊದಲು ಅಳತೆ ಕೊಡು, ಆಮೇಲೆ ಮಾತಾಡು ಅಂದಳು. ಆ ಕಂತಿಗೆ ಉಗ್ರಪ್ಪ ಫೋನಿನಲ್ಲೇ ಗಹಗಹಿಸಿ ನಕ್ಕಿದ್ದ, ಹಿಂದೆ ಯಾವುದೋ ಕುರಿ ಬೆದರಿ ಅರಚಿತ್ತು. ಸಂಜೆಯಾದರೆ ಅವಳು ಹಟ್ಟಿಯ ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು. ಸಿಗ್ನಲ್ಲು ಅಲ್ಲೇ ಚೆನ್ನಾಗಿ ಸಿಗುವುದು. ಎಂಟಾಗುವವರೆಗೆ ಯೋಚಿಸುತ್ತಿದ್ದಳು. ಹೊತ್ತಾರೆಯಿಂದ ಕಳೆ ತೆಗೆದು ಸೊಂಟ ಬಿದ್ದುಹೋಗಿದ್ದರೂ ಆ ಅರ್ಧ ತಾಸಿನಲ್ಲಿ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ಇಷ್ಟು ಸಂತೋಷ ಪಡುವುದು ತಪ್ಪೇ ಇರಬೇಕು ಎಂದು ಎದ್ದು ಬರುವಾಗ ಭಯವಾಗುತ್ತಿತ್ತು. ಗಂಡ ಮನೆಯಲ್ಲಿರುವ ಏಳು ತಿಂಗಳು ಏನು ಮಾಡುವುದು ಎನ್ನುವುದೊಂದು ತೊಡಕಾಗಿತ್ತು. ಮಳೆಗಾಲದಿಂದ ಸಂಕ್ರಾಂತಿವರೆಗೂ ಶೂಟಿಂಗು ಇರಲ್ಲವಂತೆ ಎಂದು ಹೇಳಿದಳು. ಉಣ್ಣೆ ಕತ್ತರಿಸುವುದಕ್ಕೆ ಒಂದು ಕಾಲ, ಟಗರು ಬಿಡುವುದಕ್ಕೆ ಒಂದು ಕಾಲ ಎಂದು ಬದುಕಿದವನು, ಧಾರಾವಾಹಿಗೂ ಒಂದು ಕಾಲ ಇರಲೇಬೇಕಲ್ಲ ಎಂದು ತಲೆಯಾಡಿಸಿದ. ಅವನು ಅಷ್ಟು ಸುಲಭವಾಗಿ ನಂಬಿದ್ದೇ ಅವಳಿಗೆ ಮುಳ್ಳಾಯಿತು. ಜೊತೆಗೆ ಇನ್ನೊಂದು. ಫೋನಿಟ್ಟ ಮೇಲೆ ಅವನು ಕಥೆಯನ್ನು ಉಳಿದ ಐದು ಜನರಿಗೂ ಹೇಳುತ್ತಾನೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಒಬ್ಬ ಗಂಡನಿಗೆ ಸುಳ್ಳು ಹೇಳುವುದು ಬೇರೆ, ಅವನ ಬಾಯಿಂದ ಐದು ಜನರಿಗೆ ಹೇಳಿಸುವುದು ಬೇರೆ. ಇವತ್ತು ನಾಲ್ಕು ಗಂಟೆಗೆ ಆ ಐದು ಜನರ ಮುಂದೆ ಅವನ ಮುಖ ಏನಾಗುತ್ತದೆ ಎನ್ನುವುದನ್ನು ನೆನೆಸಿಕೊಂಡಾಗಲೆಲ್ಲ ಪಾತಮ್ಮನ ಕೈಯಲ್ಲಿದ್ದ ಸೌಟು ನಿಂತುಬಿಡುತ್ತಿತ್ತು.

ಬಸ್ಸು ಕೆಡಲಿಲ್ಲ. ಎಂದೂ ಸರಿಯಾದ ಹೊತ್ತಿಗೆ ಬಾರದ ಬಸ್ಸು ಅವತ್ತು ಐದು ನಿಮಿಷ ಮುಂಚೆ ಬಂದಿತ್ತು. ಗಂಗಲಕ್ಷ್ಮಿ ಚಳ್ಳಕೆರೆಗೆ ಮದುವೆಯಾಗಿ ಹೋದವಳು, ಅಲ್ಲೇ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿ ಅಭ್ಯಾಸವಾಗಿ, ಪಿನ್ನಿಲ್ಲದಾಗಲೂ ಮಾತು ಚಿಕ್ಕದು. ಬಂದವಳೇ ಚಪ್ಪಲಿ ಬಿಟ್ಟು, ನೀರು ಕುಡಿದು, ರಿಮೋಟು ಕೈಗೆತ್ತಿಕೊಂಡಳು. ಟೀವಿ ಬೆಳಗಿತು. ಇಂಟರ್ನೆಟ್ಟು ಇಲ್ಲ ಎಂದು ಹೇಳಿತು. ಪಾತಮ್ಮ ಒಲೆಯ ಕಡೆ ತಿರುಗಿ, ಬಿ.ಜಿ. ಕೆರೆಯ ಕೇಬಲ್ಲಿನವನ ಕೆಲಸವೇ ಇಷ್ಟು, ಇವತ್ತು ಭಾನುವಾರ, ಅವನು ಬರುವುದಿಲ್ಲ, ಇನ್ನೊಂದು ದಿನ ಹಾಕಿದರಾಯಿತು ಎಂದು ಯಾರೂ ಕೇಳದಿದ್ದರೂ ವಿವರಿಸಿದಳು. ಗಂಗಲಕ್ಷ್ಮಿ ವೈಫೈ ಡಬ್ಬಿಯ ಹಿಂದೆ ಕೈಹಾಕಿ, ಸಡಿಲವಾಗಿದ್ದ ವೈರನ್ನು ಒತ್ತಿದಳು. ಹಸಿರು ದೀಪ ಹತ್ತಿತು. ಇಲಿ ಎಳ್ದಿರ್ಬೇಕು ಎಂದಳು ಮಗಳು. ಇರಬೇಕು ಎಂದಳು ತಾಯಿ. ಬೆಳಿಗ್ಗೆ ಐದಕ್ಕೆ ಎದ್ದು ಆ ವೈರನ್ನು ಎಳೆದ ಇಲಿಗೆ ಈಗ ಕಿವಿಯವರೆಗೂ ಬಿಸಿಯಾಗಿತ್ತು.

ಆ್ಯಪು ಇಳಿಯಿತು. ಭಾಷೆ ಕೇಳಿತು, ಕನ್ನಡ ಎಂದು ಒತ್ತಿದಳು. ಫೋನ್ ನಂಬರು ಕೇಳಿತು. ಉಗ್ರಪ್ಪನ ಫೋನಿಗೆ ಹಾಕಿಸಿದ್ದ ರೀಚಾರ್ಜಿನ ಜೊತೆಯಲ್ಲೇ ಈ ಆ್ಯಪೂ ಬರುತ್ತಿದ್ದುದರಿಂದ ಅವನ ನಂಬರನ್ನೇ ಕೊಡಬೇಕಾಗಿತ್ತು. ಆ ನಂಬರಿಗೆ ಒಟಿಪಿ ಬರುತ್ತದೆ, ಆರು ಅಂಕಿ, ಬಂದದ್ದನ್ನು ಓದಪ್ಪ ಸಾಕು ಎಂದಳು ಗಂಗಲಕ್ಷ್ಮಿ. ಉಗ್ರಪ್ಪ ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಫೋನನ್ನು ಕಣ್ಣಿನಿಂದ ದೂರ ಹಿಡಿದು, ಒಂದೊಂದೇ ಅಂಕಿ ಓದಿದ. ಟೀವಿ ತಪ್ಪು ಎಂದಿತು. ಇನ್ನೊಂದು ಸಲ ಕಳಿಸಿದರು. ಓದಿದ. ತಪ್ಪು. ಮೂರನೆಯ ಸಲ ಪಾತಮ್ಮ ಅವನಿಗೆ ನೀರು ಕೊಡುವುದಕ್ಕೆ ಹಿಂದೆ ಬಂದು ನಿಂತಿದ್ದಳು. ಅವಳಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ. ಫೋನಿನಲ್ಲಿ ಮೂರು ಇತ್ತು. ಉಗ್ರಪ್ಪ ಏಳು ಎಂದ. ಕಣ್ಣು ಮಂಜಾಯಿತೇನೋ ಪಾಪ ಎಂದುಕೊಳ್ಳುವಷ್ಟರಲ್ಲಿ, ಒಂದು ಇದ್ದ ಕಡೆ ಐದು ಎಂದ, ಅದೂ ಒಂದು ಗಳಿಗೆ ತಡೆದು, ಯಾವುದು ಹೇಳಲಿ ಎಂದು ಆರಿಸಿಕೊಳ್ಳುವವನ ಹಾಗೆ. ಪಾತಮ್ಮ ಚೊಂಬು ಹಿಡಿದು ಹಾಗೆಯೇ ನಿಂತಳು. ಮುನ್ನೂರು ಕುರಿ ರೊಪ್ಪದಿಂದ ಹೊರಗೆ ನುಗ್ಗುವಾಗ ಮಾತಾಡಿಕೊಂಡೇ ಎಣಿಸುವವನು, ಒಂದು ಮರಿ ಕಡಿಮೆಯಾದರೆ ಅದರ ತಾಯಿ ಯಾವುದು ಎಂದು ಹೇಳುವವನು, ಆರು ಅಂಕಿಯಲ್ಲಿ ಮೂರು ಸಲ ತಪ್ಪುವುದುಂಟೇ. ಈಗ ಟೀವಿ, ಹೆಚ್ಚು ಸಲ ತಪ್ಪಾಯಿತು, ಅರ್ಧ ಗಂಟೆ ಬಿಟ್ಟು ಬನ್ನಿ ಎಂದಿತು. ಉಗ್ರಪ್ಪ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಅವಳದೇ ಉಸಿರೂ ಅದೇ ಹೊತ್ತಿಗೆ ಹೊರಬಿದ್ದದ್ದರಿಂದ ಎರಡೂ ಸೇರಿ ಒಂದೇ ದೊಡ್ಡ ನಿಟ್ಟುಸಿರಾಯಿತು. ಗಂಗಲಕ್ಷ್ಮಿ ತಿರುಗಿ ಇಬ್ಬರನ್ನೂ ನೋಡಿ, ನಿಮ್ಗೇನಾಗೈತೆ ಇವತ್ತು, ಎಂದಳು.

ಅವನು ರೊಪ್ಪದ ಕಡೆ ನಡೆದ. ಅವಳು ಕಸದ ಪುಟ್ಟಿ ಎತ್ತಿಕೊಂಡು ಹಿಂದೆಯೇ ಹೋದಳು. ಆಷಾಢದ ಗಾಳಿ ಬೀಸುತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಂದೆ ಮೇಯಲು ಹೋಗಿತ್ತು, ರೊಪ್ಪದಲ್ಲಿ ಎಳೆಮರಿಗಳಷ್ಟೇ ಇದ್ದವು. ಉಗ್ರಪ್ಪ ಒಂದು ಮರಿಯನ್ನು ಎತ್ತಿಕೊಂಡು ಅದರ ಗೊರಸು ನೋಡುತ್ತಾ ನಿಂತ. ನೋಡುವಂಥದು ಅದರಲ್ಲಿ ಏನೂ ಇರಲಿಲ್ಲ. ಮೂರನ್ನ ಏಳು ಅಂದ್ಯಲ್ಲ, ಎಂದು ಕೇಳಿದಳು. ಅವನು ಮರಿಯ ಇನ್ನೊಂದು ಗೊರಸು ನೋಡಿದ. ಆಮೇಲೆ, ಮದುವೆಯಾದ ಹೊಸದರಲ್ಲಿ ತನ್ನ ಅವ್ವನ ಮುಂದೆ ಮಾತಾಡುತ್ತಿದ್ದನಲ್ಲ, ಹಾಗೆ ನೆಲ ನೋಡಿಕೊಂಡು ಹೇಳತೊಡಗಿದ. ನೀನು ಹೇಳೋದು ಇಪ್ಪತ್ತು ನಿಮಿಷ, ಅವರಿಗೆ ಬೆಂಕಿ ಆರೋವರೆಗೂ ಬೇಕು. ಮೊದಮೊದಲು ನೀನು ಹೇಳಿದ್ದನ್ನೇ ಎಳೆದೆ. ಆಮೇಲೆ ದೊಡ್ಡಪಾಲಯ್ಯ ಒಂದು ದಿನ, ಈ ಕಥೆಯಲ್ಲಿ ಇಷ್ಟು ಜನ ಇದ್ದಾರೆ, ಕುರಿ ಕಾಯುವವನು ಒಬ್ಬನೂ ಇಲ್ಲವಲ್ಲ ಎಂದ. ಬಾಯಿಗೆ ಬಂತು, ಇದಾನೆ ಅಂದೆ. ಮಂದಾರಳ ಸೋದರಮಾವ, ಚಿಕ್ಕಂದಿನಲ್ಲಿ ಕಳೆದುಹೋದವನು, ಮಂದೆ ಹಿಡಿದುಕೊಂಡು ಊರೂರು ತಿರುಗಿ ಸೋದರಸೊಸೆಯನ್ನು ಹುಡುಕುತ್ತಿದ್ದಾನೆ ಅಂದೆ. ಈಗ ಅವರಿಗೆ ಮಂದಾರ ಬೇಡ, ಅತ್ತೆ ಬೇಡ, ಅವನೊಬ್ಬನೇ ಬೇಕು. ದೊಡ್ಡಪಾಲಯ್ಯ ಅವನಿಗೆ ಹೆಣ್ಣನ್ನೂ ನೋಡಿಟ್ಟಿದ್ದಾನೆ. ಇವತ್ತು ಅವರು ಬರೋದು ಅವನನ್ನ ನೋಡೋಕೆ. ಎಲ್ಲಿಂದ ತರ್ಲಿ?

ಪಾತಮ್ಮನಿಗೆ ನಗು ಬಂತು. ಆ ನಗುವಿನ ಹಿಂದೆಯೇ ಹೇಳಿಬಿಡು, ಈಗಲೇ ಹೇಳಿಬಿಡು ಎಂದು ಯಾರೋ ಬೆನ್ನಿಗೆ ತಿವಿದ ಹಾಗಾಯಿತು. ಅವನು ಒಬ್ಬ ಸೋದರಮಾವನನ್ನು ಸೇರಿಸಿದ್ದಕ್ಕೆ ಇಷ್ಟು ಕುಗ್ಗಿದ್ದಾನೆ. ತಾನು ಎರಡು ವರ್ಷದ ಸಂಸಾರವನ್ನೇ ಕಟ್ಟಿದ್ದೇನೆ. ಈಗ ಹೇಳಿದರೆ ಇಬ್ಬರೂ ಸಮ. ಆದರೆ ಅವಳ ಬಾಯಿಂದ ಬಂದದ್ದು ಬೇರೆ. ವಯಸ್ಸಾದೋರಿಗೆ ಹಿಂಗಾ ಹೇಳೋದು, ಎಂದು ಗದರಿದಳು. ಹೇಳಿದ ಕೂಡಲೇ ತನ್ನ ದನಿ ತನಗೇ ಹೇಸಿಗೆಯಾಯಿತು. ಕದ್ದವಳು ಕದ್ದವನಿಗೆ ಬುದ್ಧಿ ಹೇಳಿದ ಹಾಗೆ. ಉಗ್ರಪ್ಪ ಮರಿಯನ್ನು ಕೆಳಗೆ ಬಿಟ್ಟು, ಹೂಂ, ತಪ್ಪಾತು, ಎಂದ. ಇಪ್ಪತ್ತೆಂಟು ವರ್ಷದಲ್ಲಿ ಅವನು ತಪ್ಪಾಯಿತು ಎಂದದ್ದು ಅವಳಿಗೆ ನೆನಪಿರಲಿಲ್ಲ, ಅಂದ ಮೊದಲನೆಯ ಸಲವೇ ಅದು ತನಗೆ ಸಲ್ಲಬೇಕಾದದ್ದಲ್ಲ ಎಂದು ಅವಳು ಪುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. ಒಳಗೆ ಗಂಗಲಕ್ಷ್ಮಿ ಅಪ್ಪ ಬಿಟ್ಟು ಹೋಗಿದ್ದ ಫೋನನ್ನು ಮುಂದಿಟ್ಟುಕೊಂಡು, ಅರ್ಧ ಗಂಟೆ ಮುಗಿಯುತ್ತಿದ್ದಂತೆ ಬಂದ ಆರು ಅಂಕಿಯನ್ನು ತಾನೇ ನೋಡಿ ತಾನೇ ಒತ್ತಿ, ಆ್ಯಪು ತೆರೆದು ಕುಳಿತಿದ್ದಳು.

ನಾಲ್ಕಕ್ಕೆ ಸರಿಯಾಗಿ ಐವರೂ ಬಂದರು. ಮದುವೆಗೆ ಬಂದವರ ಹಾಗೆ ಒಗೆದ ಪಂಚೆ ಉಟ್ಟು, ಕಂಬಳಿ ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದರು. ದೊಡ್ಡಪಾಲಯ್ಯನಿಗೆ ಎಪ್ಪತ್ತರ ಮೇಲಾಗಿತ್ತು, ಎರಡು ವರ್ಷದಿಂದ ಬೇಡ ಬೇಡವೆಂದರೂ ವಲಸೆ ಬಿಟ್ಟಿರಲಿಲ್ಲ. ಕಥೆ ಎಲ್ಲಿಗೆ ಬಂತೋ ಗೊತ್ತಾಗದೆ ಮನೆಯಲ್ಲಿ ಹೇಗೆ ಇರಲಿ ಎಂದು ಮಕ್ಕಳಿಗೆ ಹೇಳಿದ್ದನಂತೆ. ಅವನು ಟೀವಿಯ ಎದುರು ಗೋಡೆಗೊರಗಿ ಕುಳಿತ. ನೋಡುವವರು ಯಾರು ಎಂದು ಆ್ಯಪು ಕೇಳುತ್ತಿತ್ತು. ಒಬ್ಬೊಬ್ಬರಿಗೂ ಒಂದು ಹೆಸರು, ಒಂದು ಚಿತ್ರ ಹಾಕಬೇಕು ಎಂದು ಗಂಗಲಕ್ಷ್ಮಿ ಹೇಳಿದಾಗ ಎಲ್ಲರೂ ನೆಟ್ಟಗೆ ಕುಳಿತರು. ಅಪ್ಪ ಎಂದು ಬರೆದು ಮೊದಲು ಸಿಕ್ಕ ಚಿತ್ರ ಒತ್ತಿದಳು. ಕಿವಿ ನಿಮಿರಿಸಿದ ತೋಳದ ಮುಖ. ಆರು ಜನ ಕುರಿಯವರೂ ಒಟ್ಟಿಗೆ ಬೇಡ ಎಂದರು. ಅದನ್ನು ತೆಗೆದಳು, ಗೂಬೆ ಬಂತು, ಅದೂ ಬೇಡವಾಯಿತು. ಕೊನೆಗೆ ಯಾರ ತಂಟೆಗೂ ಹೋಗದ ಹಳದಿ ಬಣ್ಣದ ಒಂದು ಗುಂಡು ಮುಖವನ್ನು ಉಗ್ರಪ್ಪನಿಗೆ ಕೊಟ್ಟರು. ಅದರ ಪಕ್ಕದಲ್ಲಿ ಅವ್ವ ಎಂದು ಬರೆದು ಅಂಥದೇ ಕೆಂಪು ಮುಖ. ಗೋಡೆಯ ಮೇಲೆ ತಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಪಕ್ಕಪಕ್ಕ ನಿಂತದ್ದನ್ನು ನೋಡಿ, ಅಷ್ಟು ಭಯದಲ್ಲೂ ಪಾತಮ್ಮನಿಗೆ ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಅನ್ನಿಸಿತು.

ಗಂಗಲಕ್ಷ್ಮಿ ಹುಡುಕಿದಳು. ಮಂದಾರಳ ಮುಖ ಗೋಡೆಯಷ್ಟಗಲ ಬಂತು. ಐವರೂ ಮಾತು ನಿಲ್ಲಿಸಿದರು. ಇವ್ಳೇನಾ, ಎಂದು ದೊಡ್ಡಪಾಲಯ್ಯ ಮೆಲ್ಲಗೆ ಕೇಳಿದ, ಬಹಳ ದಿನ ನೋಡದಿದ್ದ ನೆಂಟರ ಹುಡುಗಿಯನ್ನು ಕೇಳುವ ಹಾಗೆ. ಎಷ್ಟನೇದು ಹಾಕ್ಲಿ, ನೀವು ಎಲ್ಲೀವರ್ಗೂ ಕೇಳಿದೀರ, ಎಂದಳು ಗಂಗಲಕ್ಷ್ಮಿ. ಹೊಲಿಗೆ ಅಂಗಡೀಗೆ ಕರೆಂಟು ಹಾಕಿಸಿದಳಲ್ಲ, ಅದರ ಮುಂದಿನದು ಎಂದರು ಒಬ್ಬರು. ಸೋದರಮಾವ ಆ ಊರಿನ ಹೊರಗೆ ಮಂದೆ ತರುಬಿದನಲ್ಲ, ಅದು, ಎಂದರು ಇನ್ನೊಬ್ಬರು. ಗಂಗಲಕ್ಷ್ಮಿ ಪಟ್ಟಿಯನ್ನು ಕೆಳಗೆ ಕೆಳಗೆ ಇಳಿಸಿದಳು. ನಾನೂರ ಮೂವತ್ತೆಂಟಕ್ಕೆ ಪಟ್ಟಿ ನಿಂತಿತು. ಮತ್ತೆ ಒತ್ತಿದಳು, ಅದು ಇಳಿಯಲಿಲ್ಲ. ಹೊಲಿಗೆ ಅಂಗಡಿ ಇದರಲ್ಲೆಲ್ಲೂ ಇಲ್ಲವಲ್ಲ, ನಾನೂ ನೋಡಿದ್ದೇನೆ, ಎಂದಳು. ಆಮೇಲೆ, ಯಾರನ್ನೂ ನೋಯಿಸಬೇಕೆಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಅಭ್ಯಾಸದಿಂದ, ಹೇಳಿದಳು:

"ಇದು ಮುಗ್ದು ಎರಡು ವರ್ಷ ಆತಲ್ಲವ್ವ."

ಏಳು ಜನ ಪಾತಮ್ಮನ ಕಡೆ ತಿರುಗಿದರು. ಅವಳು ನೋಡಿದ್ದು ಒಬ್ಬನನ್ನು. ಉಗ್ರಪ್ಪನ ಮುಖದಲ್ಲಿ ಕೋಪವಿರಲಿಲ್ಲ, ಎಣಿಕೆ ಇತ್ತು. ಎರಡು ವರ್ಷ, ಎರಡು ವಲಸೆ, ಎಷ್ಟು ಸಂಜೆ ಎಂದು ಅವನೊಳಗೆ ಎಣಿಕೆ ನಡೆದದ್ದು ಅವಳಿಗೆ ಕಾಣುತ್ತಿತ್ತು. ಸುಳ್ಳು ಹೇಳುವುದಕ್ಕೆ ಇನ್ನೂ ಒಂದು ದಾರಿಯಿತ್ತು. ಬೇರೆ ಚಾನೆಲ್ಲಿನಲ್ಲಿ ಮುಂದುವರಿಸಿದರು ಎನ್ನಬಹುದಾಗಿತ್ತು. ಅದು ನಾಲಿಗೆಯ ತುದಿಗೂ ಬಂತು. ಕಥೆ ಕಟ್ಟುವ ನಾಲಿಗೆ, ಕೇಳಬೇಕೇ. ಆದರೆ ರೊಪ್ಪದಲ್ಲಿ ಅವನು ತಪ್ಪಾಯಿತು ಎಂದದ್ದು ಇನ್ನೂ ಅವಳ ಮೇಲೆ ಸಾಲದ ಹಾಗೆ ಇತ್ತು.

"ಮುಗ್ದಿದ್ದು ಹೌದು," ಎಂದಳು. "ಆಮೇಲಿಂದೆಲ್ಲಾ ನಾನೇ ಹೇಳಿದ್ದು. ಮುಗೀತು ಅಂದಿದ್ರೆ ನೀನು ಫೋನು ಇಟ್ಬಿಡ್ತಿದ್ದೆ."

ಮಗಳ ಮುಂದೆ, ಐದು ಜನ ಗಂಡಸರ ಮುಂದೆ, ಹಾಡುಹಗಲಲ್ಲಿ ಈ ಮಾತು ಹೇಳಿಬಿಟ್ಟೆನಲ್ಲ ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ದೊಡ್ಡಪಾಲಯ್ಯ ಗಂಟಲು ಸರಿಮಾಡಿಕೊಂಡ. ಹಂಗಾರೆ ಆ ಕುರಿಯೋನು ಯಾರು, ಅವನನ್ನೂ ನೀನೇ ಹುಟ್ಟಿಸಿದೆಯಾ ತಾಯಿ, ಎಂದು ಕೇಳಿದ. ಅವ್ನು ನನ್ನೋನು, ಎಂದ ಉಗ್ರಪ್ಪ, ಟೀವಿ ನೋಡಿಕೊಂಡು. ದೊಡ್ಡಪಾಲಯ್ಯ ಇವನನ್ನು ನೋಡಿದ, ಅವಳನ್ನು ನೋಡಿದ, ಗೋಡೆಯ ಮೇಲಿನ ಮಂದಾರಳನ್ನು ನೋಡಿದ. ಅವನ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ಹೆಗಲ ಮೇಲಿನ ಕಂಬಳಿ ಜಾರಿತು, ಆಮೇಲೆ ನಗು ಕೇಳಿಸಿತು. ರಾಯದುರ್ಗದಿಂದ ಬಂದ ಹೆಂಡತಿಯ ಜೊತೆ ಐವತ್ತು ವರ್ಷ ಬಾಳಿದವನಿಗೆ ಸಂತೋಷವಾದಾಗ ಬರುವುದು ತೆಲುಗೇ. ಮಂಚಿದಿ, ಮಂಚಿದಿ, ಒಳ್ಳೇದಾತು ಎಂದು ತೊಡೆ ತಟ್ಟಿಕೊಂಡು, ಗಂಡ ಹೆಂಡತಿ ಸೇರಿ ಐದು ಜನರನ್ನು ಎರಡು ವರ್ಷ ಸಾಕಿದರಲ್ಲ ಎಂದು ಕಣ್ಣೊರೆಸಿಕೊಂಡ. ಉಳಿದವರೂ ನಕ್ಕರು. ಗಂಗಲಕ್ಷ್ಮಿ ಮಾತ್ರ, ಹೊಲಿಗೆ ಅಂಗಡಿ ಯಾರದು ಎಂದು ಆಗ ಹೊಳೆದು, ಅವ್ವನನ್ನು ಬಾಯಿ ತೆರೆದು ನೋಡುತ್ತಾ ಕುಳಿತಳು.

ಉಗ್ರಪ್ಪ ನಗಲಿಲ್ಲ. ಅವನು ಇನ್ನೂ ಎಣಿಸುತ್ತಿದ್ದ. ಎಲ್ಲೋ ಒಂದು ಕಡೆ ಎಣಿಕೆ ನಿಂತಂತೆ ತಲೆಯೆತ್ತಿದ.

"ಹಂಗಾರೆ ಮಂದಾರಂಗೆ ಜ್ವರ ಬಂದಿತ್ತಲ್ಲ," ಎಂದ.

ಹೋದ ವರ್ಷ ಯುಗಾದಿ ಕಳೆದ ಮೇಲೆ. ನಾಲ್ಕು ದಿನ ಮೈ ಕಾದು, ಎದ್ದರೆ ಗೋಡೆ ತಿರುಗಿ, ಗಂಜಿ ಕಾಯಿಸಿಕೊಳ್ಳುವುದಕ್ಕೂ ಆಗದೆ ಪಾತಮ್ಮ ಕಂಬಳಿ ಹೊದ್ದು ಬಿದ್ದುಕೊಂಡಿದ್ದಳು. ಚಪ್ಪಡಿ ಕಲ್ಲಿನವರೆಗೆ ನಡೆಯಲಾರದೆ ಬಾಗಿಲಿಗೆ ಒರಗಿ ಕುಳಿತು ಫೋನು ತೆಗೆದುಕೊಂಡಿದ್ದಳು. ಹುಷಾರಿಲ್ಲ ಎಂದು ಗಂಡನಿಗೆ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಅಷ್ಟು ದೂರದಲ್ಲಿ ಮಂದೆ ಬಿಟ್ಟು ಅವನು ಏನು ಮಾಡಿಯಾನು. ಅದಕ್ಕೆ ಮಂದಾರಳಿಗೆ ಜ್ವರ ಬಂತು ಎಂದಿದ್ದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಾಳೆ, ನೀರು ಕೊಡುವವರಿಲ್ಲ ಎಂದಿದ್ದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಿದ್ದಳು, ಕಥೆ ಅಷ್ಟು ಚೆನ್ನಾಗಿತ್ತು ಎಂದು ಅವನು ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದಳು. ನಾಲ್ಕನೆಯ ದಿನ ಉಗ್ರಪ್ಪ ಎಂದೂ ಮಾಡದವನು ಹೊತ್ತು ಹುಟ್ಟುವಾಗಲೇ ಫೋನು ಮಾಡಿ, ಜ್ವರ ಬಿಡ್ತಾ ಆ ಹುಡ್ಗೀಗೆ, ಎಂದು ಕೇಳಿದ್ದ. ಬೆಳಿಗ್ಗೆ ಧಾರಾವಾಹಿ ಬರಲ್ಲ ಎಂದು ಅವಳು ಹೇಳಿದ್ದಳು.

"ನಂಗೇ ಬಂದಿದ್ದು," ಎಂದಳು ಪಾತಮ್ಮ.

ಉಗ್ರಪ್ಪ ಎದ್ದ. ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ನಗು ನಿಂತಿತು. ದೊಡ್ಡಪಾಲಯ್ಯ ಕಂಬಳಿಯನ್ನು ಸರಿಯಾಗಿ ಮಡಿಸತೊಡಗಿದ. ಹೋದ, ಎಂದುಕೊಂಡಳು ಪಾತಮ್ಮ. ಸುಳ್ಳನ್ನು ತಡೆದುಕೊಂಡ, ಇದನ್ನು ತಡೆದುಕೊಳ್ಳಲಿಲ್ಲ. ಜ್ವರವನ್ನೂ ಕಥೆ ಮಾಡಿದೆಯಲ್ಲ ಎಂದು ಮುನಿದ, ಇನ್ನು ಮುಂದಿನ ವಲಸೆಗೆ ಹೋದರೆ ಉಂಡೆಯಾ ಉಂಡೆ, ಇಡ್ಲಾ ಇಡು. ತಾನು ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದಳೋ ಅದೇ ಈಗ ಬಂದು ಮುಂದೆ ಕುಳಿತುಕೊಂಡಿತು. ಟೀವಿಯಲ್ಲಿ ಯಾರೂ ಏನೂ ಒತ್ತದೆ ಮಂದಾರಳ ಮುಖ ಮಂಕಾಯಿತು.

ಅವಳ ಮಡಿಲಲ್ಲಿ ಫೋನು ಹೊಡೆದುಕೊಂಡಿತು. ಈ ಹೊತ್ತಿನಲ್ಲಿ ಯಾರು ಎಂದು ಎತ್ತಿ ನೋಡಿದರೆ, ಗಂಗಲಕ್ಷ್ಮಿ ಹಾಕಿಕೊಟ್ಟಿದ್ದ ಉಗ್ರಪ್ಪನ ಫೋಟೋ. ಕಿವಿಗೆ ಇಟ್ಟಳು. ಏನೂ ಕೇಳಿಸಲಿಲ್ಲ, ಮರಿಗಳ ಅರಚಾಟ ಬಿಟ್ಟರೆ. ಮರಿಗಳು ಫೋನಿನೊಳಗೂ ಅರಚುತ್ತಿದ್ದವು, ಹಿತ್ತಲಲ್ಲೂ ಅರಚುತ್ತಿದ್ದವು.

"ಜ್ವರ ಬಿಡ್ತಾ?" ಎಂದ.

ಪಾತಮ್ಮ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡಳು. ಇಷ್ಟು ಹತ್ತಿರದಿಂದ ಅವನು ತನ್ನನ್ನು ಈ ದನಿಯಲ್ಲಿ ಮಾತಾಡಿಸಿಯೇ ಇರಲಿಲ್ಲ. ಈ ದನಿ ಸಿರುಗುಪ್ಪದಲ್ಲೇ ಇರುತ್ತದೆ, ಅಲ್ಲೇ ಬಿಟ್ಟು ಬರುತ್ತಾನೆ ಎಂದುಕೊಂಡಿದ್ದಳು.

"ಬಿಡ್ತು," ಎಂದಳು. "ನೀನು ಬೆಳಿಗ್ಗೇನೇ ಫೋನು ಮಾಡಿದ್ಯಲ್ಲ, ಅವತ್ತೇ ಬಿಡ್ತು."

"ಇನ್ನೊಂದ್ಸಲ ಬಂದ್ರೆ ನಂಗೆ ಬಂತು ಅನ್ನು. ಆ ಹುಡ್ಗಿ ಮೇಲೆ ಹಾಕ್ಬ್ಯಾಡ."

ಆಯಿತು ಎಂದಳು. ಇಡ್ಲಾ ಎಂದು ಅವನು ಕೇಳಲಿಲ್ಲ, ಇಡು ಎಂದು ಅವಳೂ ಹೇಳಲಿಲ್ಲ. ಒಳಗೆ ಐದು ಜನ ಮುದುಕರು ಮಕ್ಕಳ ಹಾಗೆ ಅವಳ ಬಾಯನ್ನೇ ನೋಡುತ್ತಿದ್ದರು. ಗಂಗಲಕ್ಷ್ಮಿ ರಿಮೋಟನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಕಥೆ ಈಗ ಎಲ್ಲಿಗೆ ಬಂದಿದೆ ಎಂದು ಯೋಚಿಸಿದಳು ಪಾತಮ್ಮ. ಅಂಗಡಿಗೆ ಕರೆಂಟು ಬಂದಿದೆ, ಊರ ಹೊರಗೆ ಯಾರೋ ಮಂದೆ ತರುಬಿದ್ದಾರೆ. ಅಂಗಡಿ ತನ್ನದು. ಮಂದೆಯವನು ಯಾರೋ ತನಗೇ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಎಷ್ಟು ಚೆನ್ನಾಗಿದೆ ಎಂದು ಅವಳಿಗೆ ಒಮ್ಮೆಲೇ ಸಂತೋಷ ಉಕ್ಕಿತು.

"ಆ ಕುರಿಯೋನು ಯಾರು?" ಎಂದು ಕೇಳಿದಳು. "ಮೊದ್ಲಿಂದ ಹೇಳು. ಇವತ್ತು ನಾನು ಕೇಳ್ತೀನಿ."

ರೊಪ್ಪದ ಕಡೆಯಿಂದ ಉಗ್ರಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅವನು ಹುಟ್ಟಿದ್ದು ಒಂದು ಮಳೆಗಾಲದಲ್ಲಿ, ಎಂದು ಶುರುಮಾಡಿದ. ಪಾತಮ್ಮ ಗೋಡೆಗೆ ಒರಗಿ, ಎದುರಿಗೆ ಹಿರಿಯರು ಕುಳಿತಿದ್ದಾರೆ ಎನ್ನುವುದನ್ನೂ ಮರೆತು, ಎರಡೂ ಕಾಲು ಉದ್ದಕ್ಕೆ ಚಾಚಿದಳು.